ತೊಡೆಯ ಮೇಲಿನ ಗಾಲಿ

ಫೋನಿನಲ್ಲಿ ಮಲಕಪ್ಪ ಸಿಟ್ಟಾಗಿದ್ದರೆ ಕಾರು ಮಾರುವ ನಿತಿನನಿಗೆ ಅನುಕೂಲವಾಗುತ್ತಿತ್ತು. ಸಿಟ್ಟಿಗೆದ್ದ ಗಿರಾಕಿಗೆ ಏನು ಹೇಳಬೇಕೆಂದು ಕಂಪನಿಯವರು ಹುಬ್ಬಳ್ಳಿಯಲ್ಲಿ ಎರಡು ದಿನ ಕೂಡಿಸಿ, ಊಟ ಹಾಕಿ ಕಲಿಸಿದ್ದರು. ಮಲಕಪ್ಪ ಮೊದಲು ಆರಾಮವೇ ಎಂದು ಕೇಳಿದ, ಊಟವಾಯಿತೇ ಎಂದು ಕೇಳಿದ, ಆಮೇಲೆ ತನ್ನದೇ ತಪ್ಪು ಎಂಬ ದನಿಯಲ್ಲಿ ಹೇಳಿದ: “ಕಮತಗಿ ದಾಟಿ ಎರಡು ಕಿಲೋಮೀಟರ ಬಂದೇವ್ರಿ ಆಚಾರ್ರ. ಎದುರಿಗೆ ಕಬ್ಬಿನ ಟ್ರ್ಯಾಕ್ಟರ ಬಂತು. ಸೈಡ ಕೊಡಾಕ ಹೋದೆ, ಕಲ್ಲ ಬಡದು ಟಾಯರದ ಬಗಲು ಸೀಳೈತಿ. ನೀವು ಕೊಟ್ಟ ಬಾಟ್ಲಿ ಅಂಟು ಹಾಕಿದೆ. ಹಾಕಿದ್ದೆಲ್ಲಾ ಹಾಲು ಉಕ್ಕಿಧಂಗ ಹೊರಗ ಬಂತ್ರಿ.” ಕಂಪನಿಯ ಸಹಾಯದ ನಂಬರಿಗೆ ಹಚ್ಚಬೇಕಿತ್ತಲ್ಲ ಎಂದ ನಿತಿನ. “ಹಚ್ಚಿದ್ದೆರಿ. ಕನ್ನಡಕ್ಕ ಎರಡು ಒತ್ತು ಅಂತು, ಒತ್ತಿದೆ. ಒಬ್ಬಾಕಿ ಭಾಳ ಚಂದ ಮಾತಾಡಿದಳು. ಕಮತಗಿ ಯಾವ ಜಿಲ್ಲಾ ಅಂದಳು, ಹೇಳಿದೆ. ಬಾಗಲಕೋಟಿ ಎಲ್ಲಿ ಬರತೈತಿ ಅಂದಳು, ಅದನ್ನೂ ಹೇಳಿದೆ. ನಾಕು ತಾಸಿಗೆ ಗಾಡಿ ಬರತೈತಿ ಅಂದಳು. ಇಲ್ಲಿ ನೋಡಿದರ ಮೂರಕ್ಕ ನಮ್ಮ ರೋಹಿಣಿ ಹೆಸರು ಕೂಗತಾರ. ನೀವು ಅವತ್ತ ಒಂದು ಫೋನ್ ಮಾಡ್ರಿ, ನಾ ಬರ್ತೇನಿ ಅಂದಿದ್ರಲ್ಲ, ಅದಕ್ಕ ಮಾಡಿದೆ.”

ಹಾಗೆ ಅಂದಿದ್ದ. ಎಲ್ಲರಿಗೂ ಅನ್ನುತ್ತಿದ್ದ. ಕೀಲಿ ಕೈಗೆ ಕೊಡುವಾಗ ಅನ್ನುವ ಮಾತುಗಳಲ್ಲಿ ಅದು ಕೊನೆಯದು, ಅದನ್ನು ಯಾರೂ ನಿಜವೆಂದು ಹಿಡಿದಿರಲಿಲ್ಲ. ಹಿಡಿಯಲು ಮಲಕಪ್ಪನೇ ಬೇಕಾಯಿತು. ಮೂವತ್ತು ವರ್ಷ ಸರಕಾರಿ ಬಸ್ಸು ಓಡಿಸಿ ನಿವೃತ್ತನಾದವನು, ಗುಡೂರಿನವನು, ಮಗಳಿಗೆ ಶಾಲೆಯಲ್ಲಿ ಶಿಕ್ಷಕಿಯ ನೌಕರಿ ಆಯಿತೆಂದು ನಿವೃತ್ತಿಗೆ ಬಂದ ಗಂಟನ್ನು ಒಂದು ಸಣ್ಣ ಬಿಳಿ ಕಾರಿಗೆ ಸುರಿದವನು. ಇವತ್ತು ನವನಗರದ ಕಚೇರಿಯಲ್ಲಿ ಆ ಮಗಳು ನೌಕರಿಯ ಊರು ಆರಿಸಿಕೊಳ್ಳಬೇಕಿತ್ತು. ಹೆಸರು ಕೂಗಿದಾಗ ಇರದಿದ್ದರೆ ಪಟ್ಟಿಯ ತಳಕ್ಕೆ, ತಳದಲ್ಲಿ ಉಳಿಯುವುದು ಯಾರಿಗೂ ಬೇಡವಾದ ಮೂಲೆಯ ಊರು. ಬಸ್ಸು ಹಿಡಿಯಬಾರದೇ ಎಂದು ಕೇಳಿದ್ದಕ್ಕೆ ಮಲಕಪ್ಪ ಮತ್ತೆ ಟಾಯರಿನ ಮಾತನ್ನೇ ಎತ್ತಿದ್ದ. ನಿತಿನ ಶೋರೂಮಿನ ಗಾಜಿನಲ್ಲಿ ಕಾಣುವ ತನ್ನ ಟೈ ಸರಿಮಾಡಿಕೊಂಡ. ಈ ಜನ, ಎಂದುಕೊಂಡ. ದಿನಕ್ಕೆ ಹತ್ತು ಸಲ ಹಾಗೆ ಅಂದುಕೊಳ್ಳುತ್ತಿದ್ದ. ಬಾಗಿಲನ್ನು ಬೆರಳಿನಿಂದ ಬಡಿದು ತಗಡಿನ ದಪ್ಪ ನೋಡುವವರು, ಮೂವತ್ತೈದು ಡಿಗ್ರಿ ಬಿಸಿಲಲ್ಲಿ ಸೀಟಿನ ಪ್ಲಾಸ್ಟಿಕ್ಕು ತೆಗೆಯಲು ಬಿಡದವರು, ಲಕ್ಷಗಟ್ಟಲೆ ಕೊಟ್ಟು ಕಾಲೊರೆಸುವ ಚಾಪೆ ಪುಕ್ಕಟೆ ಕೊಡಿರೆಂದು ಅರ್ಧ ತಾಸು ಕೂಡುವವರು. ಇವರ ನಡುವೆ ತಾನೊಬ್ಬ ಬುದ್ಧಿವಂತ ಸಿಕ್ಕಿಬಿದ್ದಿದ್ದೇನೆ ಎಂಬ ಭಾವನೆ ಅವನಿಗೆ ಸಂಬಳದ ಜತೆಯಲ್ಲೇ ಬರುತ್ತಿತ್ತು.

ಮಲಕಪ್ಪ ಮೊದಲ ಸಲ ಬಂದಾಗ ಬಾನೆಟ್ಟು ನೋಡಲಿಲ್ಲ, ಬಣ್ಣ ನೋಡಲಿಲ್ಲ. ನೇರವಾಗಿ ಹಿಂದೆ ಹೋಗಿ, ಡಿಕ್ಕಿ ಎತ್ತಿ, ಚಾಪೆ ಸರಿಸಿದ. ಗಾಲಿ ಇರಬೇಕಾದ ಗುಂಡಿಯಲ್ಲಿ ಥರ್ಮಾಕೋಲಿನ ತಟ್ಟೆ, ಅದರಲ್ಲಿ ಒಂದು ಬಾಟಲಿ, ಹವಾ ಹಾಕುವ ಅಂಗೈಯಷ್ಟು ಮಶೀನು. “ಸ್ಟೆಪ್ನಿ ಎಲ್ಲೈತ್ರಿ?” ಎಂದು ಕೇಳಿದ. ಹೆಂಡತಿ ಸಕ್ರವ್ವನೂ ಬಗ್ಗಿ ನೋಡಿ, ಮನೆಯಲ್ಲಿ ಏನೋ ಕಳುವಾದಂತೆ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಆಗ ನಿತಿನ ತನ್ನ ಭಾಷಣ ಶುರುಮಾಡಿದ್ದ. ತೂಕ ಕಡಿಮೆ, ಎಣ್ಣೆ ಉಳಿತಾಯ, ಸಾಮಾನಿಗೆ ಜಾಗ, ಮುಂದುವರಿದ ದೇಶಗಳಲ್ಲಿ ಐದನೆಯ ಗಾಲಿ ಎಂಬುದನ್ನು ಜನ ಮರೆತೇ ಹೋಗಿದ್ದಾರೆ, ಕೆಲವು ದುಬಾರಿ ಗಾಡಿಗಳ ಟಾಯರುಗಳು ಹವಾ ಹೋದರೂ ಐವತ್ತು ಮೈಲಿ ಓಡುತ್ತವೆ, ನಮ್ಮದರಲ್ಲಿ ಈ ಬಾಟಲಿ ಸಾಕು, ಮೊಳೆ ಚುಚ್ಚಲಿ ಮುಳ್ಳು ಚುಚ್ಚಲಿ, ಒಳಗಿನಿಂದ ತಾನೇ ಮುಚ್ಚಿಕೊಳ್ಳುತ್ತದೆ. ಮೊಳೆಗೂ ಮುಳ್ಳಿಗೂ ಅದು ಸುಳ್ಳಲ್ಲ. ಬಗಲು ಸೀಳಿದರೆ ಏನು ಎಂದು ಭಾಷಣದಲ್ಲಿ ಇರಲಿಲ್ಲ. ಕೇಳಬೇಕಾದವನು, ಮೂವತ್ತು ವರ್ಷ ಟಾಯರಿನ ವಾಸನೆಯಲ್ಲೇ ಬದುಕಿದವನು, ಸುಮ್ಮನೆ ಬಾಟಲಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಆ ಅಲ್ಲಾಡಿಸಿದ್ದನ್ನು ನಿತಿನ ಸಂಜೆ ಗೆಳೆಯರ ಮುಂದೆ ಮಾಡಿ ತೋರಿಸಿದ್ದ. ಎಲ್ಲರೂ ನಕ್ಕಿದ್ದರು.

ರಿಪೇರಿ ವಿಭಾಗದ ತೌಸಿಫ ಎಲ್ಲವನ್ನೂ ಕೇಳಿ ಎಣ್ಣೆಯ ಕೈಯನ್ನು ಬಟ್ಟೆಗೆ ಒರೆಸಿಕೊಂಡ. ವಯಸ್ಸಿನಲ್ಲಿ ಹದಿನೈದು ವರ್ಷ ದೊಡ್ಡವನು, ನಗುವುದು ಕಣ್ಣಿನಲ್ಲಿ ಮಾತ್ರ. “ನಿಮ್ಮ ಬಾಟ್ಲಿ ಮೊಳಿಗೆ ಮದ್ದು. ಹರಿದ ಬಗಲಿಗೆ ಏನ್ ಮಾಡತೈತ್ರಿ ಅದು?” ಮ್ಯಾನೇಜರರು ಟ್ರಯಲ್ ಗಾಡಿ ಹಾಕಿಕೊಂಡು ಊಟಕ್ಕೆ ಹೋಗಿದ್ದರು, ಊಟದ ನಂತರ ಅವರು ಮಲಗುವುದೂ ಎಲ್ಲರಿಗೂ ಗೊತ್ತಿತ್ತು. ಅಂಗಳದ ಮೂಲೆಯಲ್ಲಿ ಅದೇ ಜಾತಿಯ ಒಂದು ಕಾರು ಮೂತಿ ಒಡೆದುಕೊಂಡು ವಿಮೆಯವರ ದಾರಿ ಕಾಯುತ್ತಿತ್ತು. ಹುನಗುಂದದ ಹತ್ತಿರ ಲಾರಿಗೆ ಗುದ್ದಿದ್ದು. ತೌಸಿಫ ಅದರ ಹಿಂದಿನ ಗಾಲಿ ಬಿಚ್ಚಿದ, ಜಾಕು, ನಟ್ಟು ಬಿಚ್ಚುವ ಪಾನಾ ಒಂದು ಚೀಲಕ್ಕೆ ಹಾಕಿದ, ತನ್ನ ಮೋಟಾರ್ ಸೈಕಲ್ಲು ತಂದು ನಿಲ್ಲಿಸಿದ. “ಕೂಡ್ರಿ ಆಚಾರ್ರ. ಗಾಲಿ ತೊಡಿ ಮ್ಯಾಲ ಇಟ್ಕೋರಿ. ಬ್ಯಾರೆ ಜಾಗ ಇಲ್ಲ.”

ಹೀಗೆ ನಿತಿನ ಬಿಳಿ ಅಂಗಿ, ನೀಲಿ ಟೈಯಲ್ಲಿ, ಒಂದು ಗಾಲಿಯನ್ನು ತೊಡೆಯ ಮೇಲೆ ತಬ್ಬಿಕೊಂಡು ಊರ ನಡುವೆ ಹೊರಟ. ಗುರುತಿನವರು ಯಾರೂ ಕಾಣದಿರಲಿ ಎಂದು ಮುಖವನ್ನು ತೌಸಿಫನ ಬೆನ್ನಿಗೆ ಮರೆಮಾಡಿದ. ಸಿಗ್ನಲ್ಲಿನಲ್ಲಿ ಪಕ್ಕದ ಆಟೋದಿಂದ ಒಬ್ಬಳು ಮುದುಕಿ ಗಾಲಿಯನ್ನೂ ಅವನನ್ನೂ ನೋಡಿ, “ಎಷ್ಟಕ್ಕ ತಂದಿ ತಮ್ಮಾ?” ಎಂದಳು. ಊರು ಬಿಟ್ಟ ಮೇಲೆ ಬಿಸಿಲು, ಜೋಳದ ಹೊಲ, ಕಬ್ಬಿನ ಟ್ರ್ಯಾಕ್ಟರಿನಿಂದ ಉದುರಿದ ಗರಿ. ಗಾಲಿ ತೊಡೆ ಒತ್ತಿ ಒತ್ತಿ ಕಾಲು ಜೋಮು ಹಿಡಿಯಿತು. ರಬ್ಬರಿನ ವಾಸನೆ ಮೂಗಿಗೆ ಹತ್ತಿ, ಅದರ ಹಿಂದೆ ದರ್ಭೆಯ ವಾಸನೆ ಬಂತು. ಅದು ಯಾಕೆ ಬಂತೆಂದು ಅವನಿಗೆ ಗೊತ್ತಿತ್ತು, ಗೊತ್ತಿದ್ದುದರಿಂದಲೇ ಮುಖವನ್ನು ಗಾಳಿಗೆ ತಿರುಗಿಸಿದ.

ತಂದೆ ಪಂಢರೀನಾಥ ಮಾಸ್ತರರು ಹುನಗುಂದದ ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸುತ್ತಿದ್ದರು. ಮುಂಜಿಯಾದಂದಿನಿಂದ ಮಗನನ್ನು ಎದುರು ಕೂಡಿಸಿಕೊಂಡು ಮಂತ್ರ ಕಲಿಸಲು ಪ್ರಯತ್ನಪಟ್ಟರು. ಮಗ ಹಿತ್ತಲಿನಿಂದ ಹಾರಿ ಹೋಗುತ್ತಿದ್ದ. ರಾತ್ರಿ ಊಟಕ್ಕೆ ಕೂತಾಗ ಮಾಸ್ತರರು ಹೆಂಡತಿ ರುಕ್ಮಿಣೀಬಾಯಿಗೆ ಹೇಳುತ್ತಿದ್ದರು, ಮಗನಿಗೆ ಕೇಳಿಸುವಂತೆ: “ಗುಡೂರಿನಿಂದ ಒಂದು ಹುಡುಗಿ ಬರ್ತದ. ಒಮ್ಮೆ ಹೇಳಿದರ ಸಾಕು, ನಾಳೆ ಬಾಯಿಪಾಠ ಒಪ್ಪಸ್ತದ. ಅದರ ಮನ್ಯಾಗ ಇದನ್ನ ಕೇಳಿದವರಿಲ್ಲ. ನಮ್ಮನ್ಯಾಗ ಕೇಳೋ ಕಿವಿ ಇಲ್ಲ.” ವರ್ಷಗಟ್ಟಲೆ ಆ ಗುಡೂರಿನ ಹುಡುಗಿ ಅವರ ಸಾರಿನಲ್ಲಿ ಉಪ್ಪಿನ ಕಲ್ಲಾಗಿ ಬಿದ್ದಿದ್ದಳು. ಹೆಸರು ಕೇಳುವ ಮನಸ್ಸೂ ಅವನಿಗೆ ಆಗಲಿಲ್ಲ. ಎರಡು ವರ್ಷದ ಹಿಂದೆ, ತಿಂಗಳ ಕೊನೆಯ ವಾರ, ಮೂರು ಗಾಡಿ ಮಾರುವ ಲೆಕ್ಕ ಬಾಕಿ ಇದ್ದಾಗ ಮಾಸ್ತರರು ತೀರಿಕೊಂಡರು. ಹದಿಮೂರು ದಿನ ಪುರೋಹಿತರು ಹೇಳಿಸಿದ್ದನ್ನು ಹೇಳಿ, ಎಳ್ಳು ನೀರು ಬಿಟ್ಟು, ವರ್ಷವಿಡೀ ಮಾಸಿಕಗಳನ್ನು ಮಾಡಿ, ಜೀವಮಾನದಲ್ಲಿ ಅವನಿಗೆ ಪೂರ್ತಿ ಬಾಯಿಗೆ ಬಂದ ಮಂತ್ರ ಅದೊಂದೇ. ತರ್ಪಣದ್ದು. ಅದೂ ತಂದೆ ಕಲಿಸಿದ್ದಲ್ಲ, ತಂದೆ ಸತ್ತು ಕಲಿತದ್ದು.

ಗಾಡಿ ಕೊಡುವಾಗ ಪೂಜೆಗೆ ಭಟ್ಟರನ್ನು ಕರೆಸಿದರೆ ತಾಸುಗಟ್ಟಲೆ ಹೋಗುತ್ತದೆಂದು ಮ್ಯಾನೇಜರರಿಗೆ ಹೊಳೆದದ್ದು ಆಮೇಲೆ. “ನೀವ ಎರಡು ಮಂತ್ರ ಅಂದಬಿಡ್ರಿ ನಿತಿನ. ಯಾರಿಗೆ ತಿಳೀತೈತಿ?” ಮೊದಲ ಸಲ ಕಾಯಿ ಕೈಯಲ್ಲಿ ಹಿಡಿದು, ಗಣಪತಿಯದೇನಾದರೂ ಎರಡು ಸಾಲು ಬಂದೀತೆಂದು ಬಾಯಿ ತೆರೆದ. ಬಂದದ್ದು ಅದು. ನಿಲ್ಲಿಸಬೇಕೆನ್ನುವುದರಲ್ಲಿ ಮುಗಿದೇ ಹೋಗಿತ್ತು, ಎದುರಿನ ಮನೆತನವೆಲ್ಲ ಕೈ ಜೋಡಿಸಿ ಕಣ್ಣು ಮುಚ್ಚಿತ್ತು. ಯಾರಿಗೆ ತಿಳೀತದ. ಅಲ್ಲಿಂದ ನಲವತ್ತೋ ಐವತ್ತೋ ಹೊಸ ಗಾಡಿಗಳ ಮೇಲೆ, ನಿಂಬೆಹಣ್ಣುಗಳ ಮೇಲೆ, ಸತ್ತವರ ಮಂತ್ರ ಹೇಳಿದ್ದ. ನಡುವೆ ತಂದೆಯ ಹೆಸರು ಬರುತ್ತಿತ್ತು. ಅದನ್ನು ಬಿಡಲು ನೋಡಿದ, ಬಿಟ್ಟರೆ ಮುಂದಿನದು ನೆನಪಾಗುತ್ತಿರಲಿಲ್ಲ. ಹಾಗಾಗಿ ಹೆಸರನ್ನು ಬಾಯೊಳಗೇ ಜಗಿದು ನುಂಗುತ್ತಿದ್ದ. ತಿಥಿ ಹೇಳುವ ಜಾಗ ಬಂದಾಗ ಕೆಮ್ಮುತ್ತಿದ್ದ. ತಿಥಿ ಅವನಿಗೆ ಯಾವತ್ತೂ ನೆನಪಿರಲಿಲ್ಲ, ಅದನ್ನು ವರ್ಷಕ್ಕೊಮ್ಮೆ ತಾಯಿ ಹೇಳುತ್ತಿದ್ದಳು. ಗಿರಾಕಿಗಳು ಕಾಲಿಗೆ ಬೀಳುತ್ತಿದ್ದರು. ದಡ್ಡರು ಎಂದು ಅವರ ತಲೆಯ ಮೇಲೆ ಅಕ್ಷತೆ ಹಾಕುತ್ತಿದ್ದ.

ಮಲಕಪ್ಪ ಮಾತ್ರ ಕಾಯಿ ಒಡೆಯುವ ಮೊದಲು ಮತ್ತೆ ಕೇಳಿದ್ದ. “ಆಚಾರ್ರ, ಬ್ಯಾರೆ ರೊಕ್ಕ ಕೊಡ್ತೇನಿ. ಒಂದು ಗಾಲಿ ತರಿಸಿ ಕೊಡ್ರಿ. ಬರೂತನಕ ಗಾಡಿ ಇಲ್ಲೇ ಇರ್ಲಿ. ಗಾಲಿ ಇಲ್ಲದ ನಾ ಡಿಪೋ ಬಿಟ್ಟವಲ್ಲ.” ತರಿಸಬಹುದಿತ್ತು. ಮೂರು ವಾರ ಹಿಡಿಯುತ್ತಿತ್ತು. ಆದರೆ ಅಂದು ತಾರೀಖು ಇಪ್ಪತ್ತೊಂಬತ್ತು, ಆ ಗಾಡಿ ಆ ತಿಂಗಳೇ ಹೊರಗೆ ಹೋಗಬೇಕಿತ್ತು, ಹೋಗದಿದ್ದರೆ ಗೋಡೆಯ ಮೇಲಿನ ಮಾರಾಟದ ಹಲಗೆಯಲ್ಲಿ ನಿತಿನನ ಹೆಸರು ಮೂರನೆಯದಕ್ಕೆ ಇಳಿಯುತ್ತಿತ್ತು. ಬೆರಳಿಗೆ ಕುಂಕುಮ ಹತ್ತಿದ್ದಂತೆಯೇ ಅವನೆಂದ: “ಈ ಗಾಡಿಗೆ ಬ್ಯಾರೆ ಗಾಲಿ ಕಂಪನಿಯವರು ಮಾಡೂದೇ ಇಲ್ಲರಿ.” ಮಲಕಪ್ಪ ಅವನ ಮುಖವನ್ನು ಬೇಕಾದದ್ದಕ್ಕಿಂತ ತುಸು ಹೆಚ್ಚು ಹೊತ್ತು ನೋಡಿದ. ಆಮೇಲೆ, “ನೀವು ಹೇಳಿದ ಮ್ಯಾಲ ಆತು ಬಿಡ್ರಿ” ಎಂದ. ಎಷ್ಟು ಸಲೀಸಾಗಿ ನಂಬಿದ ಮುದುಕ ಎಂದು ನಿತಿನನಿಗೆ ಖುಷಿಗಿಂತ ಬೇಸರವಾಗಿತ್ತು. ಮೋಸ ಹೋಗುವವರಲ್ಲೂ ಒಂದು ಮಟ್ಟ ಬೇಡವೇ?

ಬಿಳಿ ಕಾರು ರಸ್ತೆಯ ಬದಿಗೆ ಒಂದು ಕಡೆ ಕುಸಿದು ನಿಂತಿತ್ತು. ಬಾನೆಟ್ಟಿಗೆ ಕಟ್ಟಿದ ಚೆಂಡು ಹೂವಿನ ಮಾಲೆ ಒಣಗಿತ್ತು. ಗಾಲಿಯ ಕೆಳಗೆ ಬಿಳಿ ಅಂಟು ಚೆಲ್ಲಿ ಧೂಳಿನಲ್ಲಿ ಹೆಪ್ಪುಗಟ್ಟಿತ್ತು. ಮಲಕಪ್ಪ ರಸ್ತೆಗೆ ಬೆನ್ನು ಮಾಡಿ ನಿಂತಿದ್ದ. ಹುನಗುಂದದ ಕಡೆಯಿಂದ ಬಂದ ಬಸ್ಸೊಂದು ಹತ್ತಿರವಾಗುತ್ತಲೇ ಟೊಪ್ಪಿಗೆ ಕೆಳಗೆಳೆದುಕೊಂಡು ಹೊಲದ ಕಡೆ ನೋಡಿದ, ಅದು ಹೋದ ಮೇಲೆ ತಿರುಗಿದ. ಆ ದಾರಿಯ ಡ್ರೈವರುಗಳೆಲ್ಲ ಅವನ ಜತೆಯವರು. ಹೊಸ ಗಾಡಿಯ ಪೇಢೆ ತಿಂದವರು. ಕೈ ಮಾಡಿದರೆ ಸಾಕು, ಯಾವ ಬಸ್ಸಾದರೂ ನಿಲ್ಲುತ್ತಿತ್ತು, ಮಗಳು ಒಂದು ತಾಸಿನ ಹಿಂದೆಯೇ ಕಚೇರಿಯಲ್ಲಿ ಇರುತ್ತಿದ್ದಳು. ಜಾಲಿಗಿಡದ ನೆರಳಿನಲ್ಲಿ ಫೈಲು ಎದೆಗೊತ್ತಿಕೊಂಡು ನಿಂತ ರೋಹಿಣಿ ಇದನ್ನೆಲ್ಲ ನೋಡುತ್ತಿದ್ದಳು. “ಮೂರು ಬಸ್ಸ ಬಿಟ್ಟಾನ ಅಪ್ಪ” ಎಂದಳು, ಯಾರಿಗೂ ಅಲ್ಲದಂತೆ. ಸಕ್ರವ್ವ ಓಡಿ ಬಂದು, ನಿತಿನ ಇನ್ನೂ ಗಾಡಿಯಿಂದ ಇಳಿಯುವ ಮೊದಲೇ ಅವನ ಬೂಟು ಮುಟ್ಟಿ ಕಣ್ಣಿಗೊತ್ತಿಕೊಂಡಳು. “ನೀವು ಮಂತ್ರ ಅಂದಿದ್ದಕ್ಕ ಜೀವ ಉಳದಾವ ನಮ್ಮವು. ಟ್ರ್ಯಾಕ್ಟರ ಹಿಂಗ ಬಂದಿತ್ತರಿ.” ಅವಳು ಕೈಯಳತೆಯಲ್ಲಿ ಎಷ್ಟು ಹತ್ತಿರವೆಂದು ತೋರಿಸಿದಳು. ನಿತಿನನ ಕಾಲು ಜೋಮು ಹಿಡಿದಿತ್ತು, ಹಿಂದೆ ತೆಗೆಯಲು ಬರಲಿಲ್ಲ.

ತೌಸಿಫನ ಕೈಯಿಂದ ಪಾನಾ ಇಸಿದುಕೊಂಡು ಮಲಕಪ್ಪನೇ ಕೂತ. ನಟ್ಟುಗಳನ್ನು ಒಂದೊಂದಾಗಿ ಸಡಿಲಿಸಿ, ಜಾಕು ಏರಿಸಿ, ಸೀಳಿದ ಗಾಲಿ ಕಳಚಿ ಪಕ್ಕಕ್ಕಿಟ್ಟ. ಅವನ ಕೈ ನೋಡುತ್ತಿದ್ದರೆ ಇದು ಸಾವಿರ ಸಲ ಮಾಡಿದ ಕೆಲಸವೆಂದು ತಿಳಿಯುತ್ತಿತ್ತು. ಐದು ಮಾತಿನ ಭಾಷಣದಿಂದ ಆ ಕೈಗಳನ್ನು ಒಪ್ಪಿಸಿದ್ದೆನಲ್ಲ ಎಂದು ನಿತಿನನಿಗೆ ಮೊದಲ ಸಲ ಒಂದು ಬಗೆಯ ನಾಚಿಕೆಯಾಯಿತು, ಕೂಡಲೇ ಆ ನಾಚಿಕೆಯ ಮೇಲೆ ಸಿಟ್ಟೂ ಬಂತು. ಗೊತ್ತಿದ್ದವನು ಹಟ ಹಿಡಿಯಬೇಕಿತ್ತು. ತನ್ನ ತಪ್ಪೇನು? ಮಲಕಪ್ಪ ಅವರು ತಂದ ಗಾಲಿಯನ್ನು ಎತ್ತುವ ಮೊದಲು ಅದರ ಹಲ್ಲುಗಳ ಮೇಲೆ ಹೆಬ್ಬೆರಳು ಆಡಿಸಿದ.

“ಯಾರದ್ರಿ ಇದು?”

“ಹೊಸಾದರಿ. ಸ್ಟೋರಿಂದ ತಂದೆ” ಎಂದ ನಿತಿನ. ತೌಸಿಫ ಹೊಲದ ಕಡೆ ಮುಖ ತಿರುಗಿಸಿದ.

ಮಲಕಪ್ಪನ ಹೆಬ್ಬೆರಳು ಒಂದು ಗಳಿಗೆ ನಿಂತಿತು. “ಆತು. ಆದರ ಪೂಜಿ ಇಲ್ಲದ ಗಾಲಿ, ನೆಲಾ ಮುಟ್ಟೂದಕಿಂತ ಮೊದಲ ಎರಡು ಮಂತ್ರ ಅಂದಬಿಡ್ರಿ. ಕಾಯಿ ಐತಿ.” ಕಚೇರಿಯ ಬಾಗಿಲಲ್ಲಿ ಒಡೆಯಲು ತಂದ ಕಾಯಿ ತರಲು ಗಂಡ ಹೆಂಡತಿ ಕಾರಿನ ಆ ಬದಿಗೆ ಹೋದರು. ಎರಡಕ್ಕೆ ಹತ್ತು ನಿಮಿಷ. ಇಲ್ಲಿಂದ ನವನಗರ ಮುಕ್ಕಾಲು ತಾಸು. ಅಷ್ಟರಲ್ಲಿ ಪೂಜೆ! ತಲೆ ಚಚ್ಚಿಕೊಳ್ಳಬೇಕೆನಿಸಿತು ನಿತಿನನಿಗೆ. ನಿಮಗ ಹಿಂಗ ಆಗಬೇಕು ಎಂದು ಒಳಗೇ ಅಂದುಕೊಳ್ಳುತ್ತ ಗಂಟಲು ಸರಿಮಾಡಿಕೊಂಡ. ರೋಹಿಣಿ ಹತ್ತಿರ ಬಂದಳು.

“ಇವತ್ತ ಮಾಸ್ತರರ ಹೆಸರು ತಗೀಬ್ಯಾಡ್ರಿ” ಎಂದಳು.

ಅವನಿಗೆ ಅರ್ಥವಾಗಲಿಲ್ಲ. “ಯಾವ ಮಾಸ್ತರರು?” ಎಂದ.

“ಏಳು ವರ್ಷ ಅವರ ಕಡೆ ಕಲ್ತೇನಿರಿ. ಹೈಸ್ಕೂಲಿನಾಗ ಮೂರು, ಆಮ್ಯಾಲ ಕಾಲೇಜಿಗೆ ಹೋದ ಮ್ಯಾಲೂ ರವಿವಾರಕ್ಕೊಮ್ಮೆ ಅವರ ಮನಿ ಕಟ್ಟಿ ಮ್ಯಾಲ. ನೀವು ಮನ್ಯಾಗ ಇರತಿರಲಿಲ್ಲ. ಎಂ.ಎ.ಗೆ ಹೊರಗ ಹೋದೆ, ಬರೂದು ತಪ್ಪಿತು. ಫೋನ್ ಹಚ್ಚಿದರ ಎತ್ತತಿರಲಿಲ್ಲ, ವಯಸ್ಸಾಗೈತಿ ಅಂದ್ಕೊಂಡೆ.” ಅವಳ ದನಿಯಲ್ಲಿ ಜಗಳವಿರಲಿಲ್ಲ. “ಅವತ್ತ ನಿಮ್ಮ ಶೋರೂಮಿನಾಗ ನಮ್ಮವ್ವ ಕೈ ಮುಗದು ನಿಂತಾಳ, ನೀವು ಕಾಯಿ ಹಿಡದು ತರ್ಪಣದ ಮಂತ್ರ ಅನ್ನಾಕತ್ತೀರಿ. ತಪ್ಪಿ ಬಂತೇನೋ ಅಂದ್ಕೊಂಡೆ. ನೀವು ಬಾಯಾಗ ನುಂಗಿದ್ರೂ ಅದರಾಗ ಪಂಢರೀನಾಥ ಶರ್ಮಾ ಅಂತ ಕೇಳಿಸ್ತು. ಮಾಸ್ತರರು ಹೋಗ್ಯಾರ ಅಂತ ನನಗ ಅವಾಗ ಗೊತ್ತಾತ್ರಿ. ನಮ್ಮ ಗಾಡಿ ಪೂಜ್ಯಾಗ.”

ಗುಡೂರಿನ ಹುಡುಗಿ. ಬಿಸಿಲು ಅವನ ಹಣೆಯ ಮೇಲೆ ಕೂತಿತ್ತು. ಏನಾದರೂ ಹೇಳಬೇಕಿತ್ತು, ಹುಬ್ಬಳ್ಳಿಯಲ್ಲಿ ಕಲಿಸಿದ ಎರಡು ದಿನದ ಪಾಠದಲ್ಲಿ ಇದಕ್ಕೆ ಉತ್ತರವಿರಲಿಲ್ಲ. “ನಿಮ್ಮ ಅಪ್ಪಗ ಹೇಳಿದ್ರೇನು?” ಎಂದು ಕೇಳಿದ. ಕೇಳಿದ ಮೇಲೆ ತಾನು ಕೇಳಿದ್ದು ಅದನ್ನೇ ಎಂದು ಹೇಸಿಗೆಯಾಯಿತು. ಅವಳಿಗೆ ಮಾಸ್ತರರ ಸಾವಿನ ಸುದ್ದಿ ಹೀಗೆ ಮುಟ್ಟಿತಲ್ಲ ಎಂದಲ್ಲ, ಗಿರಾಕಿಗೆ ತಿಳಿಯಿತೇ ಎಂದು.

“ಹೇಳಿಲ್ಲ. ಹೇಳಿದ್ದರ ಅಪ್ಪ ಗಾಡಿ ಮುಟ್ಟತಿರಲಿಲ್ಲ” ಎಂದಳು.

ಮಲಕಪ್ಪ ಕಾಯಿ ತಂದು ಅವನ ಕೈಯಲ್ಲಿಟ್ಟ. ಸಕ್ರವ್ವ ಗಾಲಿಗೆ ಅರಿಷಿಣ ಕುಂಕುಮ ಹಚ್ಚಿದಳು. ಮೂವರೂ ಅವನ ಬಾಯಿ ನೋಡಿದರು, ಇಬ್ಬರು ಕೈ ಜೋಡಿಸಿ, ಒಬ್ಬಳು ಫೈಲು ಹಿಡಿದು. ನಾಲಿಗೆಯ ತುದಿಗೆ ಅದೇ ಬಂದು ನಿಂತಿತ್ತು, ಬೇರೆ ಏನೂ ಇರಲಿಲ್ಲ. “ನನಗ ಮಂತ್ರ ಬರೂದಿಲ್ಲರಿ” ಎಂದ. ಶುರುಮಾಡಿದ್ದು ನಿಲ್ಲದೆ ಹೊರಬಂತು. “ಈ ಗಾಲಿನೂ ಹೊಸಾದಲ್ಲ ಮಲಕಪ್ಪಾರ, ಲಾರಿಗೆ ಬಡದ ಗಾಡೀದು. ಅವತ್ತ ನೀವು ಕೇಳಿದಾಗ ಬ್ಯಾರೆ ಗಾಲಿ ತರಿಸಲಿಕ್ಕೆ ಬರ್ತಿತ್ತು. ತಿಂಗಳ ಕೊನಿ ಅಂತ ಇಲ್ಲ ಅಂದೆ. ಸುಳ್ಳ ಹೇಳಿದೆ.”

ಈಗಲಾದರೂ ಸಿಟ್ಟಾಗುತ್ತಾನೆ ಎಂದು ಕಾದ. ಬೈದರೆ ಬೈಸಿಕೊಂಡು ಹಗುರಾಗಬಹುದಿತ್ತು. ಮಲಕಪ್ಪ ಟೊಪ್ಪಿಗೆ ತೆಗೆದು ಬೆವರು ಒರೆಸಿಕೊಂಡ.

“ಗೊತ್ತೈತ್ರಿ” ಎಂದ. “ಗಾಡಿ ಮಾಡಿ ಗಾಲಿ ಮಾಡದ ಕಂಪನಿ ಎಲ್ಲೈತಿ? ಮೂವತ್ತು ವರ್ಷ ಇದ ಕೆಲಸ ಮಾಡೇನಿ. ಅವತ್ತ ನಿಮ್ಮ ಮುಖಾ ನೋಡಿದಾಗ ತಿಳೀತು. ಆದರ ಈಗಷ್ಟ ಮಂತ್ರ ಅಂದ ಬಾಯಿ ಅದು, ಸುಳ್ಳ ಹೇಳತೈತಿ ಅಂತ ನಾ ಅಂದ್ಕೊಂಡರ ನನಗ ಪಾಪ ಅಂತ ಸುಮ್ಮನಾದೆ.” ಆಮೇಲೆ ಮಗಳ ಕಡೆ ತಿರುಗಿ, ಹೊತ್ತಾಯಿತು ಎಂಬ ದನಿಯಲ್ಲಿ, “ನೀನ ಏನರೆ ಎರಡು ಅಂದಬಿಡವಾ. ಇದಕ್ಕಂತ ಅಲ್ಲೇನು ಓದಿದ್ದು” ಎಂದ.

ರೋಹಿಣಿ ಫೈಲು ತಾಯಿಯ ಕೈಗೆ ಕೊಟ್ಟು, ಕಣ್ಣು ಮುಚ್ಚದೆ, ವಿಘ್ನೇಶ್ವರನ ಒಂದು ಶ್ಲೋಕ ಹೇಳಿದಳು. ಅವಸರವಿತ್ತು, ಆದರೂ ಒಂದಕ್ಷರ ಕೆಡಲಿಲ್ಲ. ಉಸಿರು ತೆಗೆದುಕೊಳ್ಳುವ ಜಾಗ, ಕೊನೆಯ ಅಕ್ಷರವನ್ನು ತುಸು ಎಳೆದು ಇಳಿಸುವ ರೀತಿ, ಎಲ್ಲ ಪಂಢರೀನಾಥ ಮಾಸ್ತರರದೇ. ಹಿತ್ತಲಿನ ಗೋಡೆಯ ಆಚೆ ಕೂತು, ಕಿವಿ ಮುಚ್ಚಿಕೊಂಡು, ನಿತಿನ ಹತ್ತು ವರ್ಷ ಕೇಳಿದ್ದ ದನಿ ಅದು. ಕಾಯಿ ಇನ್ನೂ ತನ್ನ ಕೈಯಲ್ಲೇ ಇದೆ ಎಂದು ಅವನಿಗೆ ತಡವಾಗಿ ತಿಳಿಯಿತು. ಮಲಕಪ್ಪ ಇಸಿದುಕೊಂಡು ಕಲ್ಲಿಗೆ ಒಡೆದ, ಗಾಲಿ ಕೂಡಿಸಿದ, ನಾಲ್ಕು ನಟ್ಟು ಬಿಗಿದ. ಜಾಕು ಇಳಿಯಿತು. ಅರ್ಧ ಹೋಳನ್ನು ಸಕ್ರವ್ವ ನಿತಿನನಿಗೆ ಕೊಟ್ಟು ಮತ್ತೆ ಕಾಲು ಮುಟ್ಟಿದಳು. ಅವಳಿಗೆ ಯಾವ ಮಾತೂ ಕಿವಿಗೆ ಬಿದ್ದಿರಲಿಲ್ಲವೋ, ಬಿದ್ದೂ ಬೇಡವಾಗಿತ್ತೋ. ಈ ಸಲ ಕಾಲಿನ ಜೋಮು ಬಿಟ್ಟಿತ್ತು. ಹಿಂದೆ ತೆಗೆಯಬಹುದಿತ್ತು.

ಎರಡೂ ಹತ್ತು. ಕಾರು ಶುರುವಾಯಿತು. ಸೀಳಿದ ಗಾಲಿ ದಂಡೆಯಲ್ಲೇ ಉಳಿದಿತ್ತು, ಅದನ್ನು ತೌಸಿಫ ನಿತಿನನ ಕಡೆ ಉರುಳಿಸಿದ. ರೋಹಿಣಿ ಹಿಂದಿನ ಗಾಜು ಇಳಿಸಿದಳು.

“ಮಾಸ್ತರರ ಶ್ರಾದ್ಧ ಯಾವ ತಿಥಿಗೆ ಬರತೈತ್ರಿ? ಆ ದಿನ ನಿಮ್ಮ ಅಮ್ಮನವರ ಕಡೆ ಬಂದು ಹೋಗ್ತೇನಿ.”

ತಾರೀಖು ಅವನಿಗೆ ಗೊತ್ತಿತ್ತು. ಇಪ್ಪತ್ತಾರು, ಮೂರು ಗಾಡಿ ಬಾಕಿ. ತಿಥಿ ಬರಬೇಕಾದ ಜಾಗದಲ್ಲಿ ಬಾಯಿ ತೆರೆದ, ಕೆಮ್ಮು ಬಂತು. ಕೈಯಲ್ಲಿ ಕಾಯಿಯ ಹೋಳು ಹಿಡಿದುಕೊಂಡು ಕೆಮ್ಮಿದ. ರೋಹಿಣಿ ಅದು ಮುಗಿಯುವವರೆಗೆ ಕಾದಳು. ಆಮೇಲೆ ಗಾಜು ಏರಿಸಿದಳು.